ವಕೀಲನಿಲ್ಲ, ಅಪೀಲಿಲ್ಲ: ಗ್ರಾಂಟ್ ರೋಡಿನ ಸುತ್ತ ಒಂದು ನೂರು ವರ್ಷ

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ನಾವು ಹೆಚ್ಚಿನವರು ಇಳಿಯುವುದು ಏನಾದರೂ ಕೆಲಸವಿದ್ದಾಗ ಮಾತ್ರ. ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಪಶ್ಚಿಮಕ್ಕೆ ಇಳಿದರೆ ಭಾಜಿ ಗಲ್ಲಿಯ ತರಕಾರಿ, ಆಮೇಲೆ ನಾನಾ ಚೌಕ್. ಹೆಸರೇನೋ 1830ರ ದಶಕದಲ್ಲಿ ಮುಂಬೈಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್‌ನದು. ಈ ಸ್ಟೇಷನ್ನಿನಿಂದ ಹದಿನೈದು-ಇಪ್ಪತ್ತು ನಿಮಿಷ ನಡೆದರೆ ಸಿಗುವ ಕೆಲವು ಜಾಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ, ನಮ್ಮ ದೇಶ ತನಗೆ ತಾನೇ ಕೊಟ್ಟುಕೊಂಡ ಮಾತುಗಳ ಒಂದು ನಕ್ಷೆ ಕಾಣುತ್ತದೆ.

ಗೋವಾಲಿಯಾ ಟ್ಯಾಂಕಿನ ಎದುರು ಗೋಕುಲದಾಸ್ ತೇಜಪಾಲ್ ಸಂಸ್ಥೆಯ ಆವರಣ. 1885ರ ಡಿಸೆಂಬರ್ 28ರಂದು 72 ಪ್ರತಿನಿಧಿಗಳು ಸೇರಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಸಿದ್ದು ಅಲ್ಲಿ. ಪುಣೆಯಲ್ಲಿ ನಡೆಯಬೇಕಿದ್ದ ಸಭೆ, ಅಲ್ಲಿ ಕಾಲರಾ ಹಬ್ಬಿದ್ದರಿಂದ ಮುಂಬೈಗೆ ಬಂತು. ಅದರ ಎದುರಿಗೇ ಹಿಂದೆ ದನ ತೊಳೆಯುತ್ತಿದ್ದ ಕೆರೆಯ ಮೇಲೆ ಎದ್ದ ಮೈದಾನ. 1942ರ 'ಭಾರತ ಬಿಟ್ಟು ತೊಲಗಿ' ಕರೆ ಹೊರಟಿದ್ದು ಅಲ್ಲಿಂದ. ಸ್ವಲ್ಪ ದಕ್ಷಿಣಕ್ಕೆ ಬಂದರೆ ಲ್ಯಾಬರ್ನಮ್ ರೋಡಿನ ಮಣಿ ಭವನ, 1917ರಿಂದ 1934ರವರೆಗೆ ಗಾಂಧಿ ಮುಂಬೈಗೆ ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದ ಮನೆ. ರೈಲು ಹಳಿ ದಾಟಿ ಪೂರ್ವಕ್ಕೆ ಹೋದರೆ ಕೆನಡಿ ಬ್ರಿಡ್ಜ್ ಪಕ್ಕದ ಕಾಂಗ್ರೆಸ್ ಹೌಸ್. ಅದರ ಆವರಣದಲ್ಲಿ ಪಿ. ಜೆ. ಹಾಲ್ ಎಂಬ ಸಭಾಭವನವಿದೆ. ಪಿ. ಜೆ. ಎಂದರೆ 'ಪೀಪಲ್ಸ್ ಜಿನ್ನಾ' ಎಂದು ಬಿಡಿಸಿ ಹೇಳುವವರು ಈಗ ಕಡಿಮೆ.

'ದೇಶ ತನ್ನ ಮೂಲ ಆದರ್ಶಗಳಿಗೆ ತಕ್ಕಂತೆ ನಡೆಯುತ್ತಿದೆಯೇ?' ಎಂಬ ಪ್ರಶ್ನೆ ಬಹಳ ದೊಡ್ಡದು. ಅಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ಭಾಷಣವಾಗುತ್ತದೆ. ಹಾಗಾಗಿ ನಾನು ಒಂದೇ ಒಂದು ಅಳತೆಗೋಲು ಹಿಡಿಯುತ್ತೇನೆ: ವಿಚಾರಣೆ ನಡೆಸಿ ಅಪರಾಧ ಸಾಬೀತು ಮಾಡದೆ ಒಬ್ಬ ಮನುಷ್ಯನನ್ನು ಸರ್ಕಾರ ಎಷ್ಟು ಕಾಲ ಕೂಡಿಹಾಕಬಹುದು? ಈ ಕೋಲನ್ನೇ ಆರಿಸಲು ಕಾರಣವಿದೆ. ಇಡೀ ದೇಶ ಒಟ್ಟಾಗಿ ಎದ್ದ ಮೊದಲ ಚಳವಳಿ ಈ ಪ್ರಶ್ನೆಯ ಮೇಲೆಯೇ ಎದ್ದದ್ದು, ಮತ್ತು ಅದು ಈ ಗ್ರಾಂಟ್ ರೋಡಿನ ಸುತ್ತಮುತ್ತಲೇ ರೂಪುಗೊಂಡದ್ದು.

1919ರ ಮಾರ್ಚ್‌ನಲ್ಲಿ ರೌಲಟ್ ಕಾಯಿದೆ ಬಂತು. ಸಂಶಯವಿದ್ದವರನ್ನು ಎರಡು ವರ್ಷದವರೆಗೆ ವಿಚಾರಣೆಯಿಲ್ಲದೆ ಇಡಬಹುದು ಎಂಬುದು ಅದರ ತಿರುಳು. ಜನ ಅದನ್ನು ತಮ್ಮ ಮಾತಿನಲ್ಲಿ ಚುಟುಕಾಗಿ ಹೇಳಿಕೊಂಡರು: ವಕೀಲನಿಲ್ಲ, ದಲೀಲಿಲ್ಲ, ಅಪೀಲಿಲ್ಲ. ಗಾಂಧಿ ಅದರ ವಿರುದ್ಧದ ಸತ್ಯಾಗ್ರಹವನ್ನು ಮಣಿ ಭವನದಿಂದ ನಡೆಸಿದರು. ಏಪ್ರಿಲ್ 6ರಂದು ಚೌಪಾಟಿಯಲ್ಲಿ ಜನ ಸೇರಿ ಸಮುದ್ರಸ್ನಾನ ಮಾಡಿ ಹರತಾಳ ಆಚರಿಸಿದರು. ಅಂದೇ ಸಂಜೆ ನಿಷೇಧಿತ ಪುಸ್ತಕಗಳನ್ನು ಬಹಿರಂಗವಾಗಿ ಮಾರಿದರು. ಮರುದಿನ ಪರವಾನಗಿಯಿಲ್ಲದ 'ಸತ್ಯಾಗ್ರಹಿ' ಪತ್ರಿಕೆ ಹೊರಬಂತು. ಅದೇ ವಾರ ಜಲಿಯನ್‌ವಾಲಾ ಬಾಗ್‌ನಲ್ಲಿ ಏನಾಯಿತೆಂದು ನಮಗೆಲ್ಲ ಗೊತ್ತು.

ಪಿ. ಜೆ. ಹಾಲ್ ಈ ಕತೆಗೆ ಸೇರುವುದು ಹೀಗೆ. 1918ರ ಡಿಸೆಂಬರ್‌ನಲ್ಲಿ ಗವರ್ನರ್ ವಿಲ್ಲಿಂಗ್ಡನ್ ಹೊರಟು ನಿಂತಾಗ ಅವರಿಗೊಂದು ಸ್ಮಾರಕ ಮಾಡಬೇಕೆಂದು ಟೌನ್ ಹಾಲ್‌ನಲ್ಲಿ ಗಣ್ಯರು ಸಭೆ ಕರೆದರು. ಜಿನ್ನಾ ಜನರನ್ನು ಕಟ್ಟಿಕೊಂಡು ಹೋಗಿ ಅದನ್ನು ವಿರೋಧಿಸಿದರು. ಸಭೆ ಗದ್ದಲದಲ್ಲಿ ಮುರಿಯಿತು. ಮುಂಬೈಯ ಜನ ಒಂದೊಂದು ರೂಪಾಯಿ ವಂತಿಗೆ ಸೇರಿಸಿ ಆ ವಿರೋಧದ ನೆನಪಿಗೆ ಈ ಸಭಾಭವನ ಕಟ್ಟಿದರು. ಮೂರು ತಿಂಗಳ ನಂತರ ಅದೇ ಜಿನ್ನಾ ರೌಲಟ್ ಕಾಯಿದೆಯನ್ನು ಪ್ರತಿಭಟಿಸಿ ವೈಸರಾಯರ ಶಾಸನಸಭೆಗೆ ರಾಜೀನಾಮೆ ಕೊಟ್ಟರು. ಮುಂದೆ ಅವರ ದಾರಿ ಎಲ್ಲಿಗೆ ಹೋಯಿತು ಎಂಬುದು ಬೇರೆ ಮಾತು. 1919ರಲ್ಲಿ ಗಾಂಧಿಗೂ ಜಿನ್ನಾಗೂ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ: ಆರೋಪ ಸಾಬೀತಾಗದವನನ್ನು ಸರ್ಕಾರ ಕೂಡಿಹಾಕಬಾರದು.

1942ರ ಆಗಸ್ಟ್ 8ರ ರಾತ್ರಿ ಗೋವಾಲಿಯಾ ಟ್ಯಾಂಕಿನಲ್ಲಿ ಅಂಗೀಕಾರವಾದ ನಿರ್ಣಯವನ್ನು ಮಂಡಿಸಿದವರು ನೆಹರೂ, ಅನುಮೋದಿಸಿದವರು ಪಟೇಲ್. 'ಮಾಡು ಇಲ್ಲವೇ ಮಡಿ' ಎಂಬ ಮಾತು ಎಲ್ಲರಿಗೂ ನೆನಪಿದೆ. ನಿರ್ಣಯವನ್ನು ಪೂರ್ತಿ ಓದಿದವರು ವಿರಳ. ಮುಂದಿನ ಸಂವಿಧಾನ ಒಕ್ಕೂಟದ್ದಾಗಿರಬೇಕು, ಪ್ರಾಂತಗಳಿಗೆ ಆದಷ್ಟು ಹೆಚ್ಚಿನ ಸ್ವಾಯತ್ತತೆ ಇರಬೇಕು, ಹೊಲ-ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಅಧಿಕಾರ ಸೇರಬೇಕು ಎಂದು ಅದರಲ್ಲಿದೆ. ಅದರ ಕೊನೆಯ ಮಾತಿನ ಸಾರ ಇಷ್ಟು: ನಾವು ಕೇಳುತ್ತಿರುವ ಅಧಿಕಾರ ಕಾಂಗ್ರೆಸ್ಸಿಗಲ್ಲ, ಅದು ಬಂದಾಗ ಇಡೀ ಭಾರತದ ಜನರದಾಗಿರುತ್ತದೆ.

ಬೆಳಗಾಗುವ ಮೊದಲೇ ನಾಯಕರೆಲ್ಲ ಬಂಧನದಲ್ಲಿದ್ದರು. ಯಾರ ಮೇಲೂ ಮೊಕದ್ದಮೆಯಿಲ್ಲ. ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳು ಸಾಕಾಗಿದ್ದವು. ಆಗಸ್ಟ್ 9ರ ಬೆಳಿಗ್ಗೆ ಅದೇ ಮೈದಾನದಲ್ಲಿ ಅರುಣಾ ಆಸಫ್ ಅಲಿ ಬಾವುಟ ಹಾರಿಸಿದರು. ವರ್ಷಾಂತ್ಯಕ್ಕೆ ಬಂಧಿತರು 60 ಸಾವಿರ ದಾಟಿದರು. ಕರೆ ನಮ್ಮ ಊರುಗಳಿಗೂ ತಲುಪಿತು. ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಗುಂಡಿಗೆ ಬಲಿಯಾದರು. ರಂಗನಾಥ ದಿವಾಕರರು ಭೂಗತರಾಗಿ ಕರ್ನಾಟಕದ ಹೋರಾಟ ನಡೆಸಿದರು.

ಮುಂಬೈಯಲ್ಲಿ ಆ ದಿನಗಳಲ್ಲಿ ಜೈಲಿಗೆ ಹೋದ ವಿದ್ಯಾರ್ಥಿಗಳಲ್ಲಿ ಇನ್ನೂ ಹದಿನೆಂಟು ತುಂಬದ ಜಿ. ಜಿ. ಪಾರೀಖ್ ಒಬ್ಬರು. ಗೋವಾಲಿಯಾ ಟ್ಯಾಂಕಿನ ಸಭೆಯಲ್ಲಿದ್ದ ಅವರು ವರ್ಲಿಯ ತಾತ್ಕಾಲಿಕ ಜೈಲಿನಲ್ಲಿ ಹತ್ತು ತಿಂಗಳು ಕಳೆದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇನ್ನು ಸ್ವಾತಂತ್ರ್ಯದ ನಂತರದ ಕತೆ. ಸಂವಿಧಾನ ಸಭೆಯಲ್ಲಿ ಮುನ್ನೆಚ್ಚರಿಕೆ ಬಂಧನದ ವಿಧಿ, ಅಂದರೆ ಇಂದಿನ 22ನೇ ವಿಧಿ, ಚರ್ಚೆಗೆ ಬಂದಾಗ ಜೈಲು ಕಂಡು ಬಂದ ಸದಸ್ಯರೇ ಸಿಟ್ಟಾದರು. ಕರಡು ಬರೆದವರಿಗೆ ಜೈಲಿನ ಅನುಭವವಿದ್ದಿದ್ದರೆ ಇದು ಹೀಗಿರುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಮಹಾವೀರ ತ್ಯಾಗಿ ಮಾತಾಡಿದರು. ಅಂಬೇಡ್ಕರರ ವಾದವೂ ತಳ್ಳಿಹಾಕುವಂಥದ್ದಲ್ಲ: ಇಂಥ ಕಾನೂನು ಹೇಗೂ ಬರುತ್ತದೆ, ಹಾಗಿರುವಾಗ ಕಾರಣ ತಿಳಿಸಬೇಕು, ಮೂರು ತಿಂಗಳಿಗಿಂತ ಹೆಚ್ಚಾದರೆ ಸಲಹಾ ಮಂಡಳಿಯ ಮುಂದಿಡಬೇಕು ಎಂಬ ಕನಿಷ್ಠ ಕಟ್ಟುಪಾಡಾದರೂ ಸಂವಿಧಾನದಲ್ಲೇ ಇರಲಿ ಎಂಬುದು. ಕಾನೂನು ಬರಲು ತಡವಾಗಲಿಲ್ಲ. 1950ರ ಜನವರಿ 26ಕ್ಕೆ ಸಂವಿಧಾನ ಜಾರಿಯಾಯಿತು. ಒಂದೇ ತಿಂಗಳಲ್ಲಿ ಮುನ್ನೆಚ್ಚರಿಕೆ ಬಂಧನ ಕಾಯಿದೆ ಪಾಸಾಯಿತು. ಅದನ್ನು ತಂದ ಗೃಹಮಂತ್ರಿ ಪಟೇಲರು. ಗೋವಾಲಿಯಾ ಟ್ಯಾಂಕಿನಲ್ಲಿ ನಿರ್ಣಯ ಅನುಮೋದಿಸಿ ಅಹಮದ್‌ನಗರದ ಕೋಟೆಯಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಇದ್ದು ಬಂದವರು.

ಮುಂಬೈಯಿಂದ ಹೊರಡುತ್ತಿದ್ದ 'ಕ್ರಾಸ್ ರೋಡ್ಸ್' ವಾರಪತ್ರಿಕೆಯನ್ನು ಮದ್ರಾಸ್ ಸರ್ಕಾರ ತಡೆದಾಗ ಅದರ ಸಂಪಾದಕ ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋಗಿ 1950ರ ಮೇ ತಿಂಗಳಲ್ಲಿ ಗೆದ್ದರು. ಮರುವರ್ಷ ಜೂನ್‌ನಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಬಂದು ಆ ಗೆಲುವಿನ ಬಾಗಿಲು ಅರ್ಧ ಮುಚ್ಚಿತು. ಆ ಸರ್ಕಾರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದವರು ನಮ್ಮ ದಿವಾಕರರು, 1942ರ ಭೂಗತ ಹೋರಾಟಗಾರ. ಇವರ್ಯಾರೂ ಕೆಟ್ಟವರಲ್ಲ, ಕಪಟಿಗಳೂ ಅಲ್ಲ. ದೇಶ ವಿಭಜನೆಯ ಗಾಯದಲ್ಲಿತ್ತು, ತೆಲಂಗಾಣದಲ್ಲಿ ಬಂದೂಕುಗಳಿದ್ದವು. ನನಗೆ ಮುಖ್ಯವಾಗಿ ಕಾಣುವುದು ಅದೇ: ಒಳ್ಳೆಯವರ ಕೈಯಲ್ಲೂ ಈ ಅಸ್ತ್ರ ಅಷ್ಟೇ ಸಲೀಸಾಗಿ ಕೂರುತ್ತದೆ.

ಈಗ ನಮ್ಮಂತೆಯೇ ಊರು ಬಿಟ್ಟು ಬಂದ ಒಬ್ಬನ ಕತೆ. 1949ರಲ್ಲಿ ಮಂಗಳೂರಿನ ಹುಡುಗನೊಬ್ಬ ಪಾದ್ರಿಯಾಗುವ ಓದು ಬಿಟ್ಟು ಮುಂಬೈಗೆ ಬಂದ. ಮಲಗಲು ಜಾಗವಿಲ್ಲದೆ ಚೌಪಾಟಿಯ ಬೆಂಚುಗಳ ಮೇಲೆ ಮಲಗಿದ. ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದ. ಬಂದರಿನ ಕಾರ್ಮಿಕ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಜೊತೆ ಸೇರಿ, ಟ್ಯಾಕ್ಸಿ ಚಾಲಕರನ್ನು, ಹೋಟೆಲು ಹುಡುಗರನ್ನು ಸಂಘಟಿಸಿದ. 1967ರಲ್ಲಿ ದಕ್ಷಿಣ ಮುಂಬೈ ಲೋಕಸಭಾ ಕ್ಷೇತ್ರದಲ್ಲಿ ನಿಂತು, ಕಾಂಗ್ರೆಸ್ ಹೌಸಿನ ಒಡೆಯನಂತಿದ್ದ ಎಸ್. ಕೆ. ಪಾಟೀಲರನ್ನು ಸೋಲಿಸಿದ. ಜಾರ್ಜ್ ಫರ್ನಾಂಡಿಸ್.

ಎಂಟು ವರ್ಷದ ನಂತರ ತುರ್ತು ಪರಿಸ್ಥಿತಿ. 1971ರ ಮೀಸಾ ಕಾಯಿದೆಯಡಿ ಸಾವಿರಾರು ಜನ ಒಳಗೆ ಹೋದರು. ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲೇ ಬಂಧಿತರಾದರು. ಭೂಗತರಾಗಿದ್ದ ಜಾರ್ಜ್ ಸಿಗಲಿಲ್ಲವೆಂದು ಅವರ ತಮ್ಮ ಲಾರೆನ್ಸ್‌ರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಅದೇ ಮೇ ತಿಂಗಳಲ್ಲಿ ಬಂಧಿತರಾದರು. ಅಸ್ತಮಾ ಇದ್ದ ಅವರನ್ನು ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಇಟ್ಟು, ಸ್ಥಿತಿ ಕೈಮೀರಿದಾಗ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಇದೆಲ್ಲದರ ನಡುವೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕೇ ಇಲ್ಲವೆಂದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ವಕೀಲನಿಲ್ಲ, ಅಪೀಲಿಲ್ಲ ಎಂಬ 1919ರ ಮಾತು ಸ್ವತಂತ್ರ ಭಾರತದ ತೀರ್ಪಿನಲ್ಲೇ ಸೇರಿಹೋಯಿತು.

ಪಾರೀಖ್ ಎರಡನೆಯ ಬಾರಿ ಜೈಲಿಗೆ ಹೋದದ್ದು ಆಗಲೇ. ಆ ವೇಳೆಗೆ ಅವರು ವೈದ್ಯರಾಗಿದ್ದರು. 1942ರ ಘೋಷಣೆಯನ್ನು ಕೊಟ್ಟ ಮುಂಬೈ ಮೇಯರ್ ಯೂಸುಫ್ ಮೆಹರ್ ಅಲಿಯ ಹೆಸರಿನಲ್ಲಿ ಪನ್ವೇಲ್ ಬಳಿಯ ತಾರಾದಲ್ಲಿ ಗ್ರಾಮಸೇವಾ ಕೇಂದ್ರ ಕಟ್ಟಿದ್ದರು.

1977ರಲ್ಲಿ ಜೈಲಿನಿಂದ ಬಂದವರೇ ಸರ್ಕಾರವಾದರು. ಮೀಸಾ ರದ್ದಾಯಿತು. 1978ರ 44ನೇ ತಿದ್ದುಪಡಿ ತುರ್ತು ಪರಿಸ್ಥಿತಿಯ ದುರುಪಯೋಗಕ್ಕೆ ಹಲವು ತಡೆ ಹಾಕಿತು. ಆ ತಿದ್ದುಪಡಿಯ 3ನೇ ಸೆಕ್ಷನ್ ಮುನ್ನೆಚ್ಚರಿಕೆ ಬಂಧನಕ್ಕೆ ಸಂಬಂಧಿಸಿದ್ದು. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಇಡಬಹುದಾದ ಅವಧಿ ಮೂರರಿಂದ ಎರಡು ತಿಂಗಳಿಗೆ ಇಳಿಯಬೇಕು. ಮಂಡಳಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚನೆಯಾಗಬೇಕು, ಅದರ ಅಧ್ಯಕ್ಷರು ಹಾಲಿ ನ್ಯಾಯಮೂರ್ತಿಯೇ ಆಗಿರಬೇಕು ಎನ್ನುತ್ತದೆ ಅದು. ಸಂಸತ್ತು ಪಾಸು ಮಾಡಿತು, ರಾಷ್ಟ್ರಪತಿ ಸಹಿಯಾಯಿತು. ಜಾರಿಯ ದಿನಾಂಕ ಗೊತ್ತುಮಾಡಿ ಅಧಿಸೂಚನೆ ಹೊರಡಿಸುವುದೊಂದೇ ಬಾಕಿ ಉಳಿಯಿತು. ಅದು ಇಂದಿಗೂ ಬಾಕಿ ಉಳಿದಿದೆ. ನಂತರ ಬಂದ ಕಾಂಗ್ರೆಸ್, ಜನತಾ ದಳ, ಬಿಜೆಪಿ, ಸಂಯುಕ್ತ ರಂಗ, ಯಾವ ಸರ್ಕಾರವೂ ಆ ಒಂದು ಹಾಳೆಯನ್ನು ಹೊರಡಿಸಲಿಲ್ಲ.

ಬದಲಿಗೆ ಕಾನೂನುಗಳು ಬೆಳೆದವು. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯಿದೆ, 1985ರಲ್ಲಿ ಟಾಡಾ. ಕರ್ನಾಟಕದ ಗೂಂಡಾ ಕಾಯಿದೆಯೂ 1985ರದ್ದೇ. ಆಗ ಮುಖ್ಯಮಂತ್ರಿಯಾಗಿದ್ದವರು ತುರ್ತು ಪರಿಸ್ಥಿತಿಯಲ್ಲಿ ಜೈಲುವಾಸ ಕಂಡ ರಾಮಕೃಷ್ಣ ಹೆಗಡೆ. 2002ರ ಮಾರ್ಚ್‌ನಲ್ಲಿ ಪೋಟಾ ಕಾಯಿದೆಯನ್ನು ಸಂಸತ್ತಿನ ಜಂಟಿ ಅಧಿವೇಶನ ಕರೆದು ಪಾಸು ಮಾಡಿದ ಸರ್ಕಾರದಲ್ಲಿ ವಾಜಪೇಯಿ ಪ್ರಧಾನಿ, ಅಡ್ವಾಣಿ ಗೃಹಮಂತ್ರಿ, ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿ. 2004ರಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ ಪೋಟಾ ರದ್ದು ಮಾಡಿತು, ಅದರ ಬಹುಪಾಲು ಹಲ್ಲುಗಳನ್ನು ಮಾತ್ರ 1967ರ ಯುಎಪಿಎ ಕಾಯಿದೆಗೆ ಜೋಡಿಸಿತು. 2008ರಲ್ಲಿ ಜಾಮೀನು ಮತ್ತಷ್ಟು ದುರ್ಲಭವಾಯಿತು. 2019ರಲ್ಲಿ ಬಿಜೆಪಿ ಸರ್ಕಾರ ಸಂಘಟನೆಯನ್ನಷ್ಟೇ ಅಲ್ಲ, ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಘೋಷಿಸುವ ಅಧಿಕಾರ ಪಡೆಯಿತು.

ಯುಎಪಿಎ ತಾಂತ್ರಿಕವಾಗಿ ಮುನ್ನೆಚ್ಚರಿಕೆ ಬಂಧನವಲ್ಲ. ಅಲ್ಲಿ ಮೊಕದ್ದಮೆ ಇದೆ. ಆದರೆ ಜಾಮೀನು ಸಿಗದೆ, ವಿಚಾರಣೆ ಶುರುವಾಗದೆ ವರ್ಷಗಳು ಕಳೆದರೆ ಒಳಗಿರುವವನಿಗೆ ವ್ಯತ್ಯಾಸವೇನು? ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ದುಡಿದ ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಬಂಧಿಸಿ ತಲೋಜಾ ಜೈಲಿನಲ್ಲಿಟ್ಟರು. ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್‌ಸನ್ ಕಾಯಿಲೆಯಿತ್ತು. 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ, ಬಂಧಿತರಾಗಿಯೇ ತೀರಿಕೊಂಡರು. ವಯಸ್ಸು 84. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಸ್ನೇಹಲತಾ ರೆಡ್ಡಿಯವರಿಗಾಗಿ ಮರುಗುವ ನಾವು ಇವರ ವಿಷಯದಲ್ಲಿ ಪಕ್ಷ ನೋಡಿ ಮರುಗುತ್ತೇವೆ. ಇವರಿಗಾಗಿ ಮರುಗುವವರಲ್ಲಿ ಕೆಲವರು ಸ್ನೇಹಲತಾರನ್ನು ಮರೆಯುತ್ತಾರೆ.

ಇಲ್ಲಿ ಒಂದು ಎದುರುಮಾತು ಬರುತ್ತದೆ, ಮುಂಬೈಯಲ್ಲಿ ಬದುಕುವವರು ಅದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಗ್ರಾಂಟ್ ರೋಡಿನಿಂದ ಕೂಗಳತೆಯ ಒಪೇರಾ ಹೌಸ್‌ನಲ್ಲಿ 2011ರ ಜುಲೈ 13ರಂದು ಬಾಂಬ್ ಸಿಡಿಯಿತು. ರೈಲಿನಲ್ಲಿ, ಮಾರುಕಟ್ಟೆಯಲ್ಲಿ ಜನ ಸತ್ತ ಊರು ಇದು. ಕಠಿಣ ಕಾನೂನಿಲ್ಲದೆ ಹೇಗೆ ಎಂದು ಕೇಳುವವರ ಭಯ ಸುಳ್ಳಲ್ಲ.

ಉತ್ತರವೂ ಇದೇ ಬಡಾವಣೆಯಲ್ಲಿದೆ. 2008ರ ನವೆಂಬರ್ 26ರ ರಾತ್ರಿ ಗಿರ್‌ಗಾಂವ್ ಚೌಪಾಟಿಯ ಬಳಿ ಕಸಬ್‌ನನ್ನು ಜೀವಂತ ಹಿಡಿದದ್ದು ಲ್ಯಾಮಿಂಗ್ಟನ್ ರೋಡಿನ ಡಿ. ಬಿ. ಮಾರ್ಗ್ ಠಾಣೆಯ ಪೊಲೀಸರು. ಆ ಠಾಣೆಯ ತುಕಾರಾಮ್ ಓಂಬಳೆ ಕೈಯಲ್ಲಿ ಲಾಠಿ ಮಾತ್ರ ಇಟ್ಟುಕೊಂಡು ಅವನ ಬಂದೂಕಿನ ನಳಿಕೆ ಹಿಡಿದು ಪ್ರಾಣ ಕೊಟ್ಟರು. ನಂತರ ಏನಾಯಿತು ನೋಡಿ. ಕಸಬ್‌ಗೆ ವಕೀಲರನ್ನು ಕೊಟ್ಟರು. ಸಾಕ್ಷಿಗಳನ್ನು ವಿಚಾರಿಸಿದರು. 2010ರ ಮೇ ತಿಂಗಳಲ್ಲಿ ತೀರ್ಪು ಬಂತು, ಹೈಕೋರ್ಟು ಕೇಳಿತು, 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿತು. ಇಡೀ ಜಗತ್ತು ಟಿವಿಯಲ್ಲಿ ನೋಡಿದ ಕೊಲೆಗಾರನಿಗೆ ವಕೀಲನೂ ಇದ್ದ, ದಲೀಲೂ ಇತ್ತು, ಅಪೀಲೂ ಇತ್ತು. ಅದರಿಂದ ದೇಶ ದುರ್ಬಲವಾಗಲಿಲ್ಲ. ಆರೋಪ ಯಾರೂ ಪ್ರಶ್ನಿಸಲಾಗದಷ್ಟು ಗಟ್ಟಿಯಾಗಿ ಸಾಬೀತಾಯಿತು. ಅವನಿಗೆ ಒಂದೂವರೆ ವರ್ಷದಲ್ಲಿ ತೀರ್ಪು ಕೊಡಲು ಸಾಧ್ಯವಾದ ವ್ಯವಸ್ಥೆಗೆ, ಭಾಷಣ ಮಾಡಿದವನಿಗೆ, ಬರೆದವನಿಗೆ, ಧರಣಿ ಕೂತವನಿಗೆ ಐದಾರು ವರ್ಷವಾದರೂ ವಿಚಾರಣೆ ಮುಗಿಸಲು ಸಾಧ್ಯವಿಲ್ಲ ಎಂದರೆ ನಂಬುವುದು ಹೇಗೆ?

ಗೋವಾಲಿಯಾ ಟ್ಯಾಂಕಿಗೆ ಹಿಂತಿರುಗೋಣ. ಪ್ರತಿವರ್ಷ ಆಗಸ್ಟ್ 9ರ ಬೆಳಿಗ್ಗೆ ಚೌಪಾಟಿಯ ತಿಲಕರ ಪ್ರತಿಮೆಯಿಂದ ಆಗಸ್ಟ್ ಕ್ರಾಂತಿ ಮೈದಾನಕ್ಕೆ ಒಂದು ಮೌನ ಮೆರವಣಿಗೆ ಹೊರಡುತ್ತಿತ್ತು. ಮುಂದೆ ಇರುತ್ತಿದ್ದವರು ಪಾರೀಖ್. ಅವರು ಸಂಪಾದಿಸುತ್ತಿದ್ದ, 1946ರಲ್ಲಿ ಶುರುವಾದ 'ಜನತಾ' ವಾರಪತ್ರಿಕೆಯ ವಿಳಾಸವೂ ಗ್ರಾಂಟ್ ರೋಡ್ ಪಶ್ಚಿಮದ್ದೇ. 2023ರಲ್ಲಿ ಆ ಮೆರವಣಿಗೆಗೆ ಅನುಮತಿ ಸಿಗಲಿಲ್ಲ. ಗಾಂಧಿಯ ಮರಿಮಗ ತುಷಾರ್ ಗಾಂಧಿ ಮನೆಯಿಂದ ಹೊರಟಾಗ ಅವರನ್ನು ಸಾಂತಾಕ್ರೂಝ್ ಠಾಣೆಯಲ್ಲಿ ಕೂರಿಸಿಕೊಂಡರು. 98ರ ಪಾರೀಖರಿಗೂ ಪೊಲೀಸರ ತಡೆ ಎದುರಾಯಿತು. ಕೆಲವು ಗಂಟೆಗಳ ಮಾತು ಅಷ್ಟೇ, ಯಾರನ್ನೂ ಜೈಲಿಗೆ ಹಾಕಲಿಲ್ಲ. ಆದರೂ ಬ್ರಿಟಿಷರ ಕಾಲದಲ್ಲಿ ಒಮ್ಮೆ, ಇಂದಿರಾ ಕಾಲದಲ್ಲಿ ಒಮ್ಮೆ ಬಂಧಿತನಾದ ಮನುಷ್ಯನನ್ನು ಮೂರನೆಯ ಬಾರಿ, ಅದೂ 'ಭಾರತ ಬಿಟ್ಟು ತೊಲಗಿ' ದಿನದಂದು, ಅದೇ ಮೈದಾನದ ದಾರಿಯಲ್ಲಿ ತಡೆಯಬೇಕಾಯಿತು. 2025ರ ಜುಲೈನಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ವಿಶೇಷ ಜನ ಸುರಕ್ಷಾ ಮಸೂದೆ ಪಾಸು ಮಾಡಿತು. ಅದೇ ವರ್ಷದ ಅಕ್ಟೋಬರ್ 2ರಂದು ಪಾರೀಖ್ ತೀರಿಕೊಂಡರು, ನೂರು ತುಂಬಿತ್ತು.

ಆದರ್ಶಗಳಿಂದ ದೇಶ ದೂರ ಸರಿದಿದೆ ಎನ್ನುವಾಗ, ಹಿಂದೊಮ್ಮೆ ಎಲ್ಲ ಸರಿಯಿತ್ತು, ಈಗಿನವರು ಕೆಡಿಸಿದರು ಎಂಬ ಧ್ವನಿ ಬಂದುಬಿಡುತ್ತದೆ. ಗ್ರಾಂಟ್ ರೋಡಿನ ಇತಿಹಾಸ ಅಷ್ಟು ಸುಲಭದ ಸಮಾಧಾನ ಕೊಡುವುದಿಲ್ಲ. ಈ ಅಳತೆಗೋಲಿನಲ್ಲಿ ಗಣರಾಜ್ಯ ಮೊದಲ ತಿಂಗಳಲ್ಲೇ ಸೋತಿತ್ತು, ಮತ್ತು ಆಮೇಲೆ ಎಲ್ಲ ಪಕ್ಷಗಳೂ ಸರದಿಯಂತೆ ಸೋತವು. ವಿರೋಧದಲ್ಲಿದ್ದಾಗ 1919 ನೆನಪಾಗುತ್ತದೆ, ಅಧಿಕಾರಕ್ಕೆ ಬಂದಾಗ ರೌಲಟ್ ಅರ್ಥವಾಗುತ್ತಾನೆ. ಈಗಿನವರನ್ನು ಕೇಳಬಾರದು ಎಂದಲ್ಲ. ಕೀಲಿಕೈ ಯಾರ ಕೈಯಲ್ಲಿದೆಯೋ ಅವರನ್ನೇ ಕೇಳಬೇಕು. ಕೇಳುವಾಗ, ನಾಳೆ ನಮ್ಮವರು ಬಂದಾಗಲೂ ಇದೇ ಪ್ರಶ್ನೆ ಕೇಳುತ್ತೇವೆ ಎಂಬ ಪ್ರಾಮಾಣಿಕತೆ ಇರಬೇಕು, ಅಷ್ಟೆ.

ಕೇಳಬೇಕಾದದ್ದು ಬಹಳ ಸಣ್ಣದು ಕೂಡ. ಹೊಸ ಸಂವಿಧಾನ ಬೇಡ, ಹೊಸ ತಿದ್ದುಪಡಿಯೂ ಬೇಡ. 44ನೇ ತಿದ್ದುಪಡಿಯ 3ನೇ ಸೆಕ್ಷನ್ ಇಂಥ ದಿನದಿಂದ ಜಾರಿ ಎಂದು ರಾಜಪತ್ರದಲ್ಲಿ ಎರಡು ಸಾಲು ಅಚ್ಚಾದರೆ ಸಾಕು. ಸಂಸತ್ತು ನಾಲ್ಕೂವರೆ ದಶಕದ ಹಿಂದೆಯೇ ಒಪ್ಪಿದ ಮಾತು ಅದು. ದಿನಾಂಕಕ್ಕೆ ಹುಡುಕಾಟವೂ ಬೇಕಿಲ್ಲ, ಯಾವುದಾದರೂ ವರ್ಷದ ಆಗಸ್ಟ್ 9 ಆದೀತು.